ಕೋಗಿಲೆ ಕಂಠ, ಕಂಚಿನ ಕಂಠ, ನಮ್ಮವ್ವನ ಗಂಟ್ಲು

ಗೆಳೆಯರೇ, ಸ್ವಲ್ಪ ಉದ್ದದ ಪೋಸ್ಟು. ಬಿಡುವು ಮಾಡ್ಕೊಂಡು ಓದಿ.

ಹೋದ ವಾರ ನಮ್ಮ ಕಡೆ ಹೋರಾಟದ ಹಾಡಿನ ತಂಡಕ್ಕೆ ಹೊಸ ಹುಡುಗೀರನ್ನ ಆರಿಸ್ತಾ ಇದ್ವಿ. ಹನ್ನೊಂದು ಜನ ಬಂದಿದ್ರು. ಅದರಲ್ಲಿ ಒಬ್ಬಳು ಪಿಯುಸಿ ಓದೋ ಹುಡುಗಿ, ಕೇರಿಯವಳು, ಅಜ್ಜಿ ಜೊತೆ ಸೋಬಾನೆ ಹೇಳ್ತಾ ಬೆಳೆದವಳು. ಬಾಯಿ ತೆಗೆದ ತಕ್ಷಣ ಆ ಸಣ್ಣ ಭವನದ ಕಿಟಕಿ ಗಾಜು ಅದುರಿದಂಗಾಯ್ತು. ನನಗೆ ಮೈ ಜುಂ ಅಂತು. ಆಯ್ಕೆಗೆ ಕೂತಿದ್ದ ನಮ್ಮವರೇ ಒಬ್ಬರು, ಮೂವತ್ತು ವರ್ಷದಿಂದ ಚಳವಳಿಯಲ್ಲಿರೋರು, ನನ್ನ ಕಿವಿ ಹತ್ರ ಬಂದು, "ದನಿ ಸ್ವಲ್ಪ ಗಡಸು ಅಲ್ವಾ ಅಕ್ಕ, ಹಿಂದಿನ ಸಾಲಿಗೆ ಹಾಕೋಣ" ಅಂದ್ರು. ಮುಂದಿನ ಸಾಲಿಗೆ ಟೀವಿ ಶೋಗಳಲ್ಲಿ ಹಾಡೋ ಥರ ಸಣ್ಣಗೆ, ನಯವಾಗಿ ಹಾಡಿದ ಇಬ್ಬರನ್ನ ಬರ್ಕೊಂಡ್ರು.

ನಾನು ಸುಮ್ನಿದ್ದೆ. ಆವತ್ತು ಸುಮ್ನಿದ್ದಿದ್ದಕ್ಕೇ ಇವತ್ತು ಇದನ್ನ ಬರೀತಿದೀನಿ.

ಯಾಕಂದ್ರೆ ಇದೇ ಮಾತನ್ನ ನಾನೂ ಕೇಳಿದವಳು. ಐದನೇ ಕ್ಲಾಸಲ್ಲಿ ಶಾಲೆಯ ಪ್ರಾರ್ಥನೆಗೆ ಹುಡುಗೀರನ್ನ ಆರಿಸುವಾಗ ಮೇಷ್ಟ್ರು ನನ್ನ ಹಾಡು ಅರ್ಧಕ್ಕೇ ನಿಲ್ಲಿಸಿ, "ಇದು ಗದ್ದೇಲಿ ಕೂಗೋ ದನಿ ಕಣಮ್ಮ, ಪ್ರಾರ್ಥನೆಗಾಗಲ್ಲ" ಅಂದಿದ್ರು. ಎಲ್ಲಾ ನಕ್ಕಿದ್ರು. ದೊಡ್ಡವಳಾಗಿ ಸಂಘಟನೆಗೆ ಬಂದಮೇಲೆ ಅದೇ ದನಿಗೆ ಕೆಲಸ ಸಿಕ್ತು, ಆದರೆ ಘೋಷಣೆ ಕೂಗೋಕೆ. ಮೆರವಣಿಗೆ ಮುಂದೆ ನಾನು ಬೇಕು. ಸಮಾವೇಶದ ಆರಂಭಗೀತೆಗೆ ಮಾತ್ರ "ಇಂಪಾದ ಕಂಠದವರು ಯಾರಿದ್ದಾರೆ?" ಅಂತ ಹುಡುಕಾಟ.

ಹೆಣ್ಣಿನ ದನಿ ಚೆಂದ ಅಂತ ತೀರ್ಮಾನ ಮಾಡೋರು ಯಾರು? ಕಿವಿಯಾ, ಜಾತಿಯಾ, ಕಾಲವಾ? ಇದು ಬರೀ ರುಚಿಯ ಪ್ರಶ್ನೆ ಅಂತ ತುಂಬಾ ಜನ ಅನ್ಕೊಂಡಿದ್ದಾರೆ. ಅದಕ್ಕೊಂದು ಚರಿತ್ರೆ ಇದೆ. ನನಗೆ ಗೊತ್ತಿರೋಷ್ಟು ಹೇಳ್ತೀನಿ.

*

ಮೊದಲು ನಮ್ಮ ಭಾಷೆಯನ್ನೇ ನೋಡಿ. ಚೆನ್ನಾಗಿ ಹಾಡೋ ಹೆಣ್ಣಿಗೆ "ಕೋಗಿಲೆ ಕಂಠ" ಅಂತೀವಿ. ಗಂಡಸು ಗಟ್ಟಿಯಾಗಿ ಹಾಡಿದ್ರೆ "ಕಂಚಿನ ಕಂಠ" ಅಂತೀವಿ, ಅದು ಹೊಗಳಿಕೆ. ಹೆಂಗಸಿನ ಗಂಟ್ಲು ಕಂಚಿನ ಥರ ಮೊಳಗಿದ್ರೆ? "ಗಂಡುಬೀರಿ", "ಬಜಾರಿ", "ಗಡಸು". ಒಂದೇ ಗುಣ, ಗಂಡಿಗೆ ಬಿರುದು, ಹೆಣ್ಣಿಗೆ ಬೈಗುಳ.

ತಮಾಷೆ ಏನಂದ್ರೆ, ಮಾಮರದಲ್ಲಿ ಕೂತು "ಕುಹೂ" ಅಂತ ಕೂಗೋದು ಗಂಡು ಕೋಗಿಲೆ. ಹೆಣ್ಣು ಕೋಗಿಲೆಯ ದನಿ "ಕಿಕ್ ಕಿಕ್ ಕಿಕ್" ಅಂತ ಚೂಪಾಗಿ ಒರಟಾಗಿರುತ್ತೆ. ಹಳ್ಳಿಯಲ್ಲಿ ಬೆಳೆದವರು ಆ ಸದ್ದು ಕೇಳೇ ಇರ್ತಾರೆ, ಅದು ಕೋಗಿಲೆ ಅಂತ ಗೊತ್ತಿರಲ್ಲ ಅಷ್ಟೆ. ಅಂದ್ರೆ ಹೆಣ್ಣಿನ ದನಿಗೆ ಅಂತ ನಾವು ಇಟ್ಕೊಂಡಿರೋ ಅಳತೆಗೋಲೇ ಹೆಣ್ಣಿನದ್ದಲ್ಲ!

ನಮ್ಮವ್ವ "ಹಾಡೋದು" ಅನ್ನೋ ಮಾತೇ ಬಳಸ್ತಿರಲಿಲ್ಲ. "ಪದ ಹೇಳೋದು" ಅಂತಿದ್ಲು. ನಂಜನಗೂಡು ಕಡೆ ಕಾಲುವೆ ನೀರಿನ ಗದ್ದೆಗಳಲ್ಲಿ ಇಪ್ಪತ್ತು ಇಪ್ಪತ್ತೈದು ಹೆಂಗಸರು ಬಗ್ಗಿ ನಾಟಿ ಹಾಕುವಾಗ ಅವ್ವ ಮುಂದೆ ಹೇಳೋಳು, ಉಳಿದೋರು ಸೊಲ್ಲು ಎತ್ತೋರು. ಬಗ್ಗಿದ ಬೆನ್ನು, ಮೊಣಕಾಲುದ್ದ ಕೆಸರು, ಎದುರಿಗೆ ಗಾಳಿ. ಆ ಗದ್ದೆಯ ಕೊನೆಯಲ್ಲಿರೋಳಿಗೆ ಪದ ಕೇಳಿಸದಿದ್ರೆ ಸೊಲ್ಲು ತಪ್ಪುತ್ತೆ, ಸೊಲ್ಲು ತಪ್ಪಿದ್ರೆ ಕೈ ತಪ್ಪುತ್ತೆ. ಹಂಗಾಗಿ ಅಲ್ಲಿ ದನಿ ಅನ್ನೋದು ಎದೆಯಿಂದ ಎದ್ದು ಗಂಟ್ಲು ಪೂರ್ತಿ ತೆರ್ಕೊಂಡು ಬರ್ಬೇಕು. ಮೂಗಲ್ಲಿ ಸಣ್ಣಗೆ ಎಳೆಯೋ ಹಾಡು ಅಲ್ಲಿ ನಾಲ್ಕು ಮಾರು ದೂರ ಹೋಗಲ್ಲ. ಮೇಷ್ಟ್ರು ಹೇಳಿದ್ದು ಒಂದು ಲೆಕ್ಕಕ್ಕೆ ಸರೀನೇ: ಅದು ಗದ್ದೇಲಿ ತಯಾರಾದ ದನಿ. ಅದನ್ನ ಅವಮಾನ ಅಂತ ಹೇಳಿದ್ರಲ್ಲ, ಅಲ್ಲಿ ತಪ್ಪಿದ್ರು.

ಊರ ಗೌಡರ ಮನೆ ಮದುವೆಗೆ ಸೋಬಾನೆಗೆ ಅವ್ವನನ್ನೂ ಕೇರಿಯ ಹೆಂಗಸರನ್ನೂ ಕರೀತಿದ್ರು. ಚಪ್ಪರದ ಆಚೆ ನಿಂತು ಹೇಳ್ಬೇಕು. ದನಿ ಒಳಗೆ ಹೋಗ್ಬಹುದು, ಮೈ ಹೋಗಂಗಿಲ್ಲ. ಒಳಗೆ ಕೂತ ಮದುಮಗಳಿಗೆ ನಮ್ಮವ್ವನ ಪದ ಕೇಳಿದ್ರೇನೇ ಶುಭ. ಊಟ ಮಾತ್ರ ಎಲ್ಲರದ್ದೂ ಮುಗಿದ ಮೇಲೆ, ದನದ ಕೊಟ್ಟಿಗೆ ಪಕ್ಕ. ಆ ಮದುವೆಗಳಲ್ಲಿ ಅವ್ವನ ದನಿ ಯಾರಿಗೂ ಗಡಸು ಅನ್ನಿಸ್ತಿರಲಿಲ್ಲ ನೋಡಿ! ಹೊರಗಿರೋವರೆಗೂ ಚೆಂದ. ವೇದಿಕೆಗೆ ಬರ್ತೀನಿ ಅಂದಾಗಲೇ ಅದು ಒರಟಾಗೋದು.

*

ಈಗ ನೂರಿಪ್ಪತ್ತು ವರ್ಷ ಹಿಂದಕ್ಕೆ ಹೋಗೋಣ.

1902ರ ನವೆಂಬರ್. ಕಲ್ಕತ್ತಾದಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಧ್ವನಿಮುದ್ರಣ ಮಾಡ್ಕೊಳ್ತಾನೆ. ಹಾಡಿದವರಲ್ಲಿ ಗೌಹರ್ ಜಾನ್ ಅನ್ನೋ ತವಾಯಫ್ ಗಾಯಕಿ ಪ್ರಮುಖರು. ಆಗ ಮೈಕ್ ಇರಲಿಲ್ಲ. ದೊಡ್ಡ ಕಹಳೆಯಂಥ ಕೊಳವೆಯೊಳಕ್ಕೆ ಬಾಯಿಟ್ಟು ಜೋರಾಗಿ ಹಾಡ್ಬೇಕು. ಆ ದನಿಯ ಕಸುವಿಗೇ ಸೂಜಿ ಅದುರಿ ತಟ್ಟೆ ಮೇಲೆ ಗೀರು ಬೀಳ್ಬೇಕು. ಮೂರು ನಿಮಿಷದಲ್ಲಿ ಎಲ್ಲಾ ಮುಗೀಬೇಕು. ಕೊನೆಗೆ ತನ್ನ ಹೆಸರನ್ನ ತಾನೇ ಇಂಗ್ಲಿಷಲ್ಲಿ ಕೂಗಿ ಹೇಳ್ತಿದ್ಲು ಆಕೆ. ಅದು ಮೆತ್ತಗಿನ ದನಿಯ ಕಾಲ ಅಲ್ಲ. ಮಹಫಿಲಿನಲ್ಲಿ, ದೇವಸ್ಥಾನದಲ್ಲಿ, ನಾಟಕದ ಕಂಪನಿಯಲ್ಲಿ, ಗದ್ದೆಯಲ್ಲಿ, ಎಲ್ಲಾ ಕಡೆ ದನಿಗೆ ಗಟ್ಟಿತನ ಬೇಕಿತ್ತು. ಇದೇ ಗೌಹರ್ ಜಾನ್ ಕೊನೆಗಾಲಕ್ಕೆ, 1928ರಲ್ಲಿ, ನಾಲ್ವಡಿಯವರ ಕಾಲದ ಮೈಸೂರು ಅರಮನೆಗೆ ಬಂದು, 1930ರ ಜನವರಿಯಲ್ಲಿ ನಮ್ಮ ಮೈಸೂರಲ್ಲೇ ತೀರಿಕೊಂಡ್ರು. ದೇಶಕ್ಕೆಲ್ಲ ಕೇಳಿಸಿದ ದನಿ, ಕೊನೆಗೆ ಒಂಟಿಯಾಗಿ.

1925ರ ಹೊತ್ತಿಗೆ ವಿದ್ಯುತ್ ಮೈಕ್ ಬಳಸಿ ರೆಕಾರ್ಡ್ ಮಾಡೋದು ಶುರುವಾಯ್ತು. ಇದು ಸಣ್ಣ ಬದಲಾವಣೆ ಅಲ್ಲ. ಮೈಕ್ ಬಂದಮೇಲೆ ಪಿಸುಮಾತೂ ಸಾವಿರ ಜನಕ್ಕೆ ಕೇಳುತ್ತೆ. ಉಸಿರು ಬಿಗಿ ಹಿಡಿದು ಸಣ್ಣಗೆ, ನಯವಾಗಿ ಹಾಡೋದು ಮೊದಲ ಸಲ ಸಾಧ್ಯ ಆಯ್ತು. ಅದರಿಂದ ಒಳ್ಳೇ ಸಂಗೀತಾನೂ ಹುಟ್ಟಿತು, ಇಲ್ಲ ಅನ್ನಲ್ಲ. ಆದರೆ ಮೈಕ್ ಸಿಕ್ಕಿದ್ದು ಯಾರಿಗೆ, ಸಿಗದಿದ್ದು ಯಾರಿಗೆ? ಮೈಕ್ ಸಿಕ್ಕವರ ದನಿ "ಸಂಗೀತ" ಆಯ್ತು. ಸಿಗದವರ ದನಿ "ಕೂಗಾಟ" ಆಯ್ತು.

ತಾಂತ್ರಿಕತೆ ಒಂದು ಕಡೆ. ಇನ್ನೊಂದು ಕಡೆ "ಮರ್ಯಾದಸ್ಥ" ಹೆಣ್ಣು ಅನ್ನೋ ಹೊಸ ಗೊಂಬೆಯನ್ನ ಆಗ ಕಟ್ತಾ ಇದ್ರು. ಮೊದಮೊದಲು ರೆಕಾರ್ಡಿಗೆ, ಆಮೇಲೆ ಸಿನಿಮಾಕ್ಕೆ ಹಾಡಲು ಬಂದ ಹೆಂಗಸರಲ್ಲಿ ಹೆಚ್ಚಿನವರು ದೇವದಾಸಿ, ತವಾಯಫ್, ಕಲಾವಂತ ಮನೆತನದವರು. ಮೇಲ್ಜಾತಿ ಮನೆಯ ಹೆಣ್ಣುಮಕ್ಕಳು ಸಾರ್ವಜನಿಕವಾಗಿ ಹಾಡೋದು ಅವಮಾನ. ಕೆಲವು "ಒಳ್ಳೇ ಮನೆತನದ" ಹೆಣ್ಣುಮಕ್ಕಳು ಹಾಡಿದಾಗ ರೆಕಾರ್ಡಿನ ಲೇಬಲ್ ಮೇಲೆ "ಅಮೆಚೂರ್" ಅಂತ ಅಚ್ಚು ಹಾಕ್ತಿದ್ರು. ಈಕೆ ಹೊಟ್ಟೆಪಾಡಿಗೆ ಹಾಡೋಳಲ್ಲ, "ಅವರಂಥೋಳಲ್ಲ" ಅಂತ ಕೊಳ್ಳೋರಿಗೆ ಗೊತ್ತಾಗ್ಲಿ ಅಂತ. ಹಾಡು ಕೇಳೋಕೆ ಮುಂಚೆ ಹಾಡಿದೋಳ ಮೂಲ ಕೇಳೋ ಪದ್ಧತಿ.

1909ರಲ್ಲಿ ಮೈಸೂರು ಸಂಸ್ಥಾನ ಮುಜರಾಯಿ ದೇವಸ್ಥಾನಗಳ ದೇವದಾಸಿ ಸೇವೆಯನ್ನ ನಿಲ್ಲಿಸ್ತು. ದೇವರಿಗೆ ಹೆಣ್ಣು ಬಿಡೋ ಪದ್ಧತಿ ತೊಲಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹೆಂಗಸರಿಗೆ ಬೇರೆ ಬದುಕೇನು ಅಂತ ಕೇಳಿದವರು ಕಮ್ಮಿ. ಅವರ ಹಾಡನ್ನ ಮಾತ್ರ ತೊಳೆದು ಮಡಿ ಮಾಡಿ ಸಭಾಂಗಣಕ್ಕೆ ತಗೊಂಡು ಹೋದ್ರು. ಹಾಡು ಒಳಗೆ ಬಂತು, ಹಾಡ್ತಿದ್ದೋಳು ಹೊರಗೆ ಉಳಿದ್ಲು. ನಮ್ಮವ್ವ ನಿಂತಿದ್ದ ಚಪ್ಪರ ನೆನಪಾಗುತ್ತೆ ನನಗೆ.

ನಮ್ಮ ನಂಜನಗೂಡಲ್ಲೇ 1878ರಲ್ಲಿ ಹುಟ್ಟಿದವರು ಬೆಂಗಳೂರು ನಾಗರತ್ನಮ್ಮ. ದೇವದಾಸಿ ಮನೆತನ. ಮುದ್ದುಪಳನಿ ಅನ್ನೋ ಹದಿನೆಂಟನೇ ಶತಮಾನದ ಕವಯಿತ್ರಿಯ ತೆಲುಗು ಕಾವ್ಯ 'ರಾಧಿಕಾ ಸಾಂತ್ವನಮು'ವನ್ನ 1910ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದ್ರು. ಅಶ್ಲೀಲ ಅಂತ ಬ್ರಿಟಿಷ್ ಸರ್ಕಾರ ಅದನ್ನ ನಿಷೇಧಿಸ್ತು. ಅದೇ ನಾಗರತ್ನಮ್ಮ 1920ರ ದಶಕದಲ್ಲಿ ತಮ್ಮ ದುಡಿಮೆಯ ದುಡ್ಡು ಸುರಿದು ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ್ರು. ಕಟ್ಟಿಸಿದೋಳು ಹೆಣ್ಣು, ಆದರೆ ಅಲ್ಲಿನ ಆರಾಧನೆಯಲ್ಲಿ ಹೆಣ್ಣು ಹಾಡಂಗಿರಲಿಲ್ಲ! ಆಕೆ ಗೋಗರೀಲಿಲ್ಲ. ಹೆಂಗಸರದ್ದೇ ಬೇರೆ ಗುಂಪು ಕಟ್ಟಿ ಹಾಡಿಸಿದ್ರು. 1940ರ ಹೊತ್ತಿಗೆ ಗುಂಪುಗಳೆಲ್ಲ ಒಂದಾಗಿ ಹೆಣ್ಣು ದನಿಗೂ ಅಲ್ಲಿ ಜಾಗ ಸಿಕ್ತು.

ಆಮೇಲೆ ರೇಡಿಯೋ. 1946ರಲ್ಲಿ ಮಧ್ಯಂತರ ಸರ್ಕಾರ ಬಂದಾಗ ಪ್ರಸಾರ ಖಾತೆ ಸರ್ದಾರ್ ಪಟೇಲರ ಕೈಲಿತ್ತು. ಖಾಸಗಿ ಬದುಕು ಸಾರ್ವಜನಿಕ ಅಪವಾದಕ್ಕೆ ಗುರಿಯಾದ ಕಲಾವಿದೆಯರಿಗೆ ಆಕಾಶವಾಣಿಯ ಬಾಗಿಲು ಇಲ್ಲ ಅನ್ನೋ ನಿರ್ಬಂಧ ಬಂತು. ಯಾರನ್ನ ಉದ್ದೇಶಿಸಿದ್ದು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಅದೇ ಹೆಂಗಸರ ಮನೆಗೆ ಹೋಗ್ತಿದ್ದ ಜಮೀನ್ದಾರರ, ಸಾಹುಕಾರರ ಖಾಸಗಿ ಬದುಕನ್ನ ಯಾವ ರೇಡಿಯೋನೂ ಕೇಳಲಿಲ್ಲ.

*

ಇಲ್ಲಿ ಗಂಗೂಬಾಯಿ ಹಾನಗಲ್ ಅವರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಆಕೆ ದಲಿತರಲ್ಲ, ಸುಮ್ನೆ ನಮ್ಮವರು ಅಂತ ಎಳ್ಕೊಳ್ಳೋ ಅಗತ್ಯ ಇಲ್ಲ. ಆದರೆ ಜಾತಿ ಗಂಟ್ಲಿಗೆ ಏನು ಮಾಡುತ್ತೆ ಅಂತ ಆಕೆಯಷ್ಟು ಚೆನ್ನಾಗಿ ಗೊತ್ತಿದ್ದವರು ಕಮ್ಮಿ.

1913ರಲ್ಲಿ ಧಾರವಾಡದಲ್ಲಿ ಹುಟ್ಟಿದ್ದು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡ್ತಿದ್ರು, ಮನೆತನಕ್ಕೆ ದೇವದಾಸಿ ಹಿನ್ನೆಲೆ. ಧಾರವಾಡದ ಬ್ರಾಹ್ಮಣ ಓಣಿಯಲ್ಲಿ ವಾಸ. ಬೀದಿಗೆ ಬಂದ್ರೆ "ಗಾನೇವಾಲಿ" ಅಂತ ಆಡ್ಕೊಳ್ಳೋರು. ಚಿಕ್ಕವಳಿದ್ದಾಗ ನೆರೆಯವರ ತೋಟದಲ್ಲಿ ಮಾವಿನಹಣ್ಣು ಕಿತ್ತಾಗ ಅವರಿಗೆ ಸಿಟ್ಟು ಬಂದಿದ್ದು ಕಳ್ಳತನಕ್ಕಿಂತ ಹಾಡೋಳ ಮಗಳು ತೋಟದೊಳಗೆ ಕಾಲಿಟ್ಟಳಲ್ಲ ಅಂತ. ದೊಡ್ಡ ಹೆಸರು ಬಂದಮೇಲೆ ಅದೇ ಜನ ಮನೆಗೆ ಊಟಕ್ಕೆ ಕರೆದ್ರು ಅಂತ ಆಕೆಯೇ ನೆನಪಿಸ್ಕೊಂಡಿದ್ದಾರೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿ ಅಧ್ಯಕ್ಷತೆಯಲ್ಲಿ, ಹನ್ನೊಂದು ವರ್ಷದ ಈ ಹುಡುಗಿ ಸ್ವಾಗತಗೀತೆ ಹಾಡಿದ್ಲು. ಆ ಮಗುವಿನ ಮನಸ್ಸಲ್ಲಿದ್ದ ಭಯ ಹಾಡಿನದ್ದಲ್ಲ. ಊಟ ಆದಮೇಲೆ ಎಂಜಲೆಲೆ ಎತ್ತು ಅಂತಾರೇನೋ ಅನ್ನೋ ಭಯ.

ಈಗ ದನಿಯ ವಿಷಯ. 1930ರ ದಶಕದಲ್ಲಿ ಎಚ್‌ಎಂವಿ ಆಕೆಯ ರೆಕಾರ್ಡುಗಳನ್ನ "ಗಾಂಧಾರಿ" ಅನ್ನೋ ಹೆಸರಲ್ಲಿ ತಂದಿತ್ತು. ಆ ದನಿ ಸಣ್ಣಗೆ, ಎತ್ತರದಲ್ಲಿ, ಆ ಕಾಲದ ಹೆಣ್ಣುದನಿಯ ಹಾಗೇ ಇದೆ. ಆಮೇಲೆ ಗಂಟಲಿನ ತೊಂದರೆ, ಚಿಕಿತ್ಸೆ. ದನಿ ಕೆಳಗಿಳಿದು ದಪ್ಪ ಆಯ್ತು. ಬೇರೆ ಯಾರಾದ್ರೂ ಹಾಡೋದೇ ಬಿಡ್ತಿದ್ರೇನೋ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಲ್ಲಿ ಓಡಾಡಿ ಸವಾಯಿ ಗಂಧರ್ವರ ಹತ್ರ ಕಲಿತ ಈಕೆ, ಬದಲಾದ ದನಿಗೆ ತಕ್ಕಂತೆ ಹಾಡನ್ನ ಕಟ್ಟಿದ್ರು. ಒಂದೊಂದೇ ಸ್ವರ ಇಟ್ಟು, ಅವಸರ ಇಲ್ಲದೆ, ಬಂಡೆ ಕೂರಿಸಿದಂಗೆ. ರೇಡಿಯೋದಲ್ಲಿ ಕೇಳಿದ ಎಷ್ಟೋ ಜನ ಗಂಡಸು ಹಾಡ್ತಿದ್ದಾನೆ ಅನ್ಕೊಂಡ್ರು. "ಹೆಣ್ಣಿನ ದನಿಯೇ ಅಲ್ಲ" ಅಂದವರು ಇದ್ರು. ಅದೇ ದನಿ ಕೇಳಿ ಕಣ್ಣೀರು ಹಾಕಿದವರೂ ಇದ್ರು. 2002ರಲ್ಲಿ ಪದ್ಮವಿಭೂಷಣ ಬಂತು. ಹಾಗಿದ್ರೂ ಆಕೆ ಒಂದು ವಿಷಯ ಎತ್ತಿ ಹೇಳ್ತಿದ್ರು: ಗಂಡು ಹಾಡುಗಾರ ಮುಸ್ಲಿಮನಾದ್ರೆ ಉಸ್ತಾದ್, ಹಿಂದೂ ಆದ್ರೆ ಪಂಡಿತ, ಹೆಂಗಸು ಎಷ್ಟೇ ದೊಡ್ಡೋಳಾದ್ರೂ ಬರೀ "ಬಾಯಿ".

*

ಗಂಗೂಬಾಯಿಯಂಥ ದನಿ ಉಳಿದಿದ್ದು ಹಿಂದೂಸ್ತಾನಿ ಸಂಗೀತದ ಮೂಲೆಯಲ್ಲಿ. ಕೋಟ್ಯಂತರ ಜನದ ಕಿವಿಯನ್ನ ತಿದ್ದಿದ್ದು ಸಿನಿಮಾ.

1940ರ ದಶಕದ ಹಿಂದಿ ಸಿನಿಮಾ ಹಾಡುಗಳನ್ನ ಕೇಳಿ ನೋಡಿ. ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿ, ಜೊಹ್ರಾಬಾಯಿ ಅಂಬಾಲೆವಾಲಿ, ಶಂಷಾದ್ ಬೇಗಂ, ನೂರ್ ಜಹಾನ್. ತುಂಬಿದ ದನಿಗಳು, ಮೂಗು ಎದೆ ಎರಡೂ ಸೇರಿದ ದನಿಗಳು. 1943ರ 'ಕಿಸ್ಮತ್'ನಲ್ಲಿ ಅಮೀರಬಾಯಿ ಹಾಡಿದಾಗ ಇಡೀ ದೇಶ ಕೇಳಿತು. 1947ರಲ್ಲಿ ನೂರ್ ಜಹಾನ್ ಪಾಕಿಸ್ತಾನಕ್ಕೆ ಹೋದ್ರು. 1949ರಲ್ಲಿ 'ಮಹಲ್' ಬಂತು, ಲತಾ ಮಂಗೇಶ್ಕರ್ ಬಂದ್ರು. ಆ ಎತ್ತರದ ಸಣ್ಣ ದನಿ ಮುಂದಿನ ಮೂವತ್ತು ನಲವತ್ತು ವರ್ಷ "ಹೆಣ್ಣು ದನಿ" ಅನ್ನೋದಕ್ಕೇ ಇನ್ನೊಂದು ಹೆಸರಾಯ್ತು. ದಪ್ಪ ದನಿಯವರಿಗೆ ಜಾಗ ಕಮ್ಮಿ ಆಗ್ತಾ ಬಂತು.

ಸಮಾಜಶಾಸ್ತ್ರಜ್ಞ ಸಂಜಯ್ ಶ್ರೀವಾಸ್ತವ 2004ರಲ್ಲಿ ಇದರ ಬಗ್ಗೆ ಒಂದು ಲೇಖನ ಬರೆದ್ರು. ಅವರ ವಾದ ನನ್ನ ಮಾತಲ್ಲಿ ಹೇಳೋದಾದ್ರೆ: ಸ್ವಾತಂತ್ರ್ಯ ಬಂದ ಹೊಸದರಲ್ಲಿ ಹೆಣ್ಣು ತೆರೆ ಮೇಲೆ ಮನೆಯಿಂದ ಹೊರಗೆ ಬಂದ್ಲು, ಬೆಟ್ಟ ರಸ್ತೆ ತೋಟ ಅಂತ ಓಡಾಡಿದ್ಲು. ಮೈ ಹೊರಗೆ ಬಂದಿದೆ, ದನಿಯಾದ್ರೂ ಎಳೇ ಹುಡುಗಿಯದ್ದಾಗಿರಲಿ ಅನ್ನೋ ಆಸೆ. ಹೊರಗೆ ಬಂದ ಹೆಣ್ಣು ಯಾರನ್ನೂ ಹೆದರಿಸಬಾರದು. ನನಗೆ ಈ ವಾದ ಒಪ್ಪಿಗೆ. ಆದರೆ ಲತಾರನ್ನ ಬೈಯೋಕೆ ಇದನ್ನ ಬಳಸೋದು ಒಪ್ಪಿಗೆ ಇಲ್ಲ. ಅವರ ತಂದೆ ದೀನಾನಾಥರ ತಾಯಿಯೂ ಗೋವಾದ ದೇವದಾಸಿ ಸಮುದಾಯದವರೇ. ಎಂ.ಎಸ್. ಸುಬ್ಬುಲಕ್ಷ್ಮಿಯವರ ತಾಯಿಯೂ ಮಧುರೈನ ಅಂಥದ್ದೇ ಮನೆತನದವರು. ದೇಶ ಅವರ ದನಿಯನ್ನ ದೇವರಕೋಣೆಯಲ್ಲಿಟ್ಟು ಪೂಜಿಸ್ತು, ಆ ದನಿ ಬಂದ ಮನೆಯ ವಿಳಾಸವನ್ನ ಮಾತ್ರ ಅಳಿಸ್ತು.

ನಮ್ಮ ದಕ್ಷಿಣದ ಸಿನಿಮಾದಲ್ಲಿ ಇನ್ನೂ ಸ್ಪಷ್ಟ. ನಾಯಕಿಗೆ ಪಿ. ಸುಶೀಲ, ಎಸ್. ಜಾನಕಿ. ಕ್ಲಬ್ಬಿನಲ್ಲಿ ಕುಣಿಯೋಳಿಗೆ ಎಲ್.ಆರ್. ಈಶ್ವರಿ. ಕನ್ನಡದಲ್ಲೂ ಹೀಗೇ. ಗರತಿಗೆ ಒಂದು ಗಂಟ್ಲು, "ಕೆಟ್ಟೋಳಿಗೆ" ಇನ್ನೊಂದು ಗಂಟ್ಲು. ಅಗ್ರಹಾರ ಬೇರೆ ಕೇರಿ ಬೇರೆ ಅನ್ನೋ ಹಾಗೆ ದನಿಗಳಲ್ಲೂ ಬೀದಿ ಹಂಚಿದ್ರು. ಅಮಂಡಾ ವೈಡ್‌ಮನ್ ಅನ್ನೋ ಸಂಶೋಧಕಿ ದಕ್ಷಿಣದ ಹಿನ್ನೆಲೆ ಗಾಯಕಿಯರ ಬಗ್ಗೆ 2021ರಲ್ಲಿ ಒಂದು ಇಡೀ ಪುಸ್ತಕ ತಂದಿದ್ದಾರೆ, ಆಸಕ್ತಿ ಇರೋರು ಹುಡುಕಿ ಓದಿ. ನನಗೆ ಖುಷಿ ಕೊಡೋ ಸಂಗತಿ ಏನಂದ್ರೆ, ಅದೇ ಈಶ್ವರಿಯವರ ಮಾರಿಯಮ್ಮನ ಹಾಡುಗಳು ತಮಿಳುನಾಡಿನ ಆಡಿ ಹಬ್ಬದಲ್ಲಿ ಬೀದಿಬೀದಿಯಲ್ಲಿ ಮೊಳಗ್ತವೆ. ಸಿನಿಮಾದೋರಿಗೆ ಕ್ಯಾಬರೆ ದನಿ ಅನ್ನಿಸಿದ್ದು ಅಮ್ಮನ ಒಕ್ಕಲಿಗೆ ಅಮ್ಮನದ್ದೇ ದನಿ. ದನಿ ಒಂದೇ, ಕೇಳೋ ಜನ ಬೇರೆ.

*

ಹಾಗಾದ್ರೆ ನಮ್ಮ ಜನದ ಕಿವಿಗೆ ಚೆಂದ ಅಂದ್ರೆ ಏನು? ಇದನ್ನ ಯಾರೂ ಶಾಸ್ತ್ರ ಅಂತ ಬರೆದಿಟ್ಟಿಲ್ಲ, ಆದರೆ ಶಾಸ್ತ್ರ ಇದೆ.

ಸಂಡೂರು ಸೀಮೆಯ ದರೋಜಿ ಈರಮ್ಮನವರನ್ನ ನೆನೆಸ್ಕೊಳ್ಳಿ. ಬುಡ್ಗ ಜಂಗಮ, ಪರಿಶಿಷ್ಟ ಜಾತಿಯ ಅಲೆಮಾರಿ ಸಮುದಾಯ. ಅಕ್ಷರ ಕಲಿತವರಲ್ಲ. ಕುಮಾರರಾಮನ ಕಥೆಯೂ ಸೇರಿ ಹನ್ನೆರಡು ಮಹಾಕಾವ್ಯ ಆಕೆಯ ನಾಲಿಗೆ ಮೇಲಿದ್ವು. ಬುರ್ರಕಥೆ ಅಂದ್ರೆ ರಾತ್ರಿಯಿಡೀ. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಅಂತ ಕರೀತು, 2014ರಲ್ಲಿ ತೀರಿಕೊಂಡ್ರು. ಅವರ ದನಿಯನ್ನ ಟೀವಿ ಶೋ ತೀರ್ಪುಗಾರರ ಮುಂದೆ ನಿಲ್ಲಿಸಿದ್ರೆ ಮೊದಲ ಸುತ್ತಲ್ಲೇ ಮನೆಗೆ ಕಳಿಸ್ತಿದ್ರೇನೋ. ಆದರೆ ಕಥೆ ಕೇಳಲು ಚಾಪೆ ಹಾಸ್ಕೊಂಡು ಕೂತ ಜನಕ್ಕೆ ಬೇಕಾಗಿದ್ದು ಬೇರೆ. ಬೆಳಗಿನ ಜಾವದವರೆಗೆ ಉಸಿರು ನಿಲ್ಲಬೇಕು. ಕೊನೇ ಸಾಲಿನ ಮುದುಕನಿಗೂ ಮಾತು ಬಿಡಿಬಿಡಿಯಾಗಿ ಕೇಳ್ಬೇಕು. ಯುದ್ಧ ಬಂದಾಗ ದನಿ ಏರಬೇಕು, ಸಾವು ಬಂದಾಗ ಒಡೀಬೇಕು. ಹೌದು, ಒಡೀಬೇಕು.

ನಮ್ಮ ಕೇರಿಯಲ್ಲಿ ಸಾವಾದಾಗ ಅವ್ವ ಹೇಳ್ಕೊಂಡು ಅಳ್ತಿದ್ಲು. ಸತ್ತೋರ ಗುಣ, ಮಾಡಿದ ಕೆಲಸ, ಉಂಡ ಕಷ್ಟ ಎಲ್ಲಾ ಪದ ಕಟ್ಟಿ. ಆ ದನಿ ಒಡೆದಾಗಲೇ ಗಂಡಸರ ಕಣ್ಣಲ್ಲಿ ನೀರು ಬರ್ತಿದ್ದಿದ್ದು. ಇದು ನಮ್ಮಲ್ಲಿ ಮಾತ್ರ ಅಂತಲೂ ಅಲ್ಲ. ಘಜಲ್ ರಾಣಿ ಬೇಗಂ ಅಖ್ತರ್ ಮೇಲಿನ ಸ್ವರಕ್ಕೆ ಹೋದಾಗ ದನಿ ಸೀಳ್ತಿತ್ತು. ರಸಿಕರು ಆ ಸೀಳಿಗೇ ಕಾಯ್ತಿದ್ರು. ಈಜಿಪ್ಟಿನ ಉಮ್ ಕುಲ್ಸುಮ್ ದನಿಯಲ್ಲಿ ಬರ್ತಿದ್ದ ಒರಟುತನಕ್ಕೆ ಅರಬ್ಬಿಯಲ್ಲಿ ಒಂದು ಹೆಸರೇ ಇದೆ, ಅದು ಹೊಗಳಿಕೆಯ ಮಾತು. ನವಾಬರ ಮೆಹಫಿಲಲ್ಲಿ ಸೀಳಿದ್ರೆ ಕಲೆ, ಕೇರಿಯಲ್ಲಿ ಸೀಳಿದ್ರೆ ಗೊಗ್ಗರು. ಇಷ್ಟೇ ವ್ಯತ್ಯಾಸ.

*

ಈಗ ಕಷ್ಟದ ಭಾಗಕ್ಕೆ ಬರ್ತೀನಿ. ಇಷ್ಟೊತ್ತು ಅವರು ಹಂಗೆ ಮಾಡಿದ್ರು ಅಂತ ಹೇಳಿದ್ದಾಯ್ತು. ನಾವೇನು ಮಾಡಿದ್ವಿ?

1921ರಲ್ಲಿ ಅಮೆರಿಕದಲ್ಲಿ ಕಪ್ಪು ಜನರದ್ದೇ ಒಂದು ರೆಕಾರ್ಡ್ ಕಂಪನಿ ಹುಟ್ಟಿತು, ಬ್ಲ್ಯಾಕ್ ಸ್ವಾನ್ ಅಂತ. ಕಪ್ಪು ಜನರ ಘನತೆ ಎತ್ತಿ ಹಿಡೀಬೇಕು ಅನ್ನೋದೇ ಅವರ ಉದ್ದೇಶ. ಅಲ್ಲಿಗೆ ಬೆಸ್ಸಿ ಸ್ಮಿತ್ ಹೋದಾಗ ದನಿ ತೀರಾ ಒರಟು ಅಂತ ವಾಪಸ್ ಕಳಿಸಿದ್ರು. 1923ರಲ್ಲಿ ಬಿಳಿಯರ ಕಂಪನಿ ಕೊಲಂಬಿಯಾ ಆಕೆಯ ರೆಕಾರ್ಡ್ ತಂತು, ಲಕ್ಷಾಂತರ ಮಾರಾಟ ಆಯ್ತು. ತನ್ನ ಜನರ ಘನತೆ ಎತ್ತೋಕೆ ಹೊರಟವರಿಗೆ ತನ್ನ ಜನರ ದನಿ ಕೇಳಿದ್ರೆ ನಾಚಿಕೆ ಆಯ್ತು. ಇದನ್ನ ಓದಿದಾಗ ನನಗೆ ಕನ್ನಡಿ ನೋಡಿದಂಗಾಯ್ತು.

ನಮ್ಮ ನಾಚಿಕೆಗೂ ಕಾರಣ ಇದೆ. 1936ರ ಜೂನ್‌ನಲ್ಲಿ ಮುಂಬೈನ ದಾಮೋದರ ಹಾಲ್‌ನಲ್ಲಿ ಬಾಬಾಸಾಹೇಬರು ದೇವದಾಸಿ, ಜೋಗತಿ, ಪೋತರಾಜರ ಸಭೆಯಲ್ಲಿ ಮಾತಾಡಿ ಆ ಅವಮಾನದ ಬದುಕನ್ನ ಬಿಟ್ಟು ಬನ್ನಿ ಅಂತ ಕರೆ ಕೊಟ್ರು. ಅದು ಸರಿ, ನೂರಕ್ಕೆ ನೂರು ಸರಿ. ಉತ್ತರ ಕರ್ನಾಟಕದಲ್ಲಿ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸ್ಕೊಂಡ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ನಮ್ಮ ದಲಿತ ಮಕ್ಕಳೇ. 1982ರ ಕಾಯ್ದೆ ಆದಮೇಲೂ ಹೋರಾಟ ಮುಗಿದಿಲ್ಲ. ತಮಟೆ ವಿಷಯದಲ್ಲೂ ಹಂಗೇ. ಹೆಣದ ಮುಂದೆ ಬಿಟ್ಟಿಯಾಗಿ ಬಾರಿಸಲ್ಲ ಅಂತ ನಮ್ಮವರು ತಮಟೆ ಕೆಳಗಿಟ್ಟಿದ್ದು ಸ್ವಾಭಿಮಾನದ ಕೆಲಸ. ಆಮೇಲೆ ಅದೇ ತಮಟೆಯನ್ನ ನಮ್ಮ ಮೆರವಣಿಗೆಗೆ, ನಮ್ಮ ವೇದಿಕೆಗೆ ನಮ್ಮ ಇಷ್ಟದಂತೆ ಎತ್ಕೊಂಡ್ವಿ. ಮಹಾರಾಷ್ಟ್ರದ ನಮ್ಮವರು ಹಳೇ ಧಾಟಿಗಳಲ್ಲೇ ಭೀಮಗೀತೆ ಕಟ್ಟಿದ್ರು. ತಮಟೆಯನ್ನ ಹೀಗೆ ವಾಪಸ್ ಪಡೆದ ನಾವು ನಮ್ಮ ಹೆಂಗಸರ ಗಂಟ್ಲನ್ನ ಯಾಕೆ ವಾಪಸ್ ಪಡೀಲಿಲ್ಲ?

1996ರಲ್ಲಿ ನಾವೊಂದು ಕ್ಯಾಸೆಟ್ ಮಾಡಿದ್ವಿ. ಮೈಸೂರಿನ ಒಂದು ಸಣ್ಣ ಸ್ಟುಡಿಯೋ. ಅದರಲ್ಲಿ ಎರಡು ಹಾಡಿಗೆ ಧಾಟಿ ನಮ್ಮವ್ವನದ್ದು, ಮಾತು ಹೊಸದು. ಧಾಟಿ ಹೇಳ್ಕೊಡೋಕೆ ಅವ್ವನನ್ನ ಬಸ್ಸಲ್ಲಿ ಕರ್ಕೊಂಡು ಹೋಗಿದ್ದೆ. ಹಾಡಿದ್ದು ಸಂಗೀತ ಕಲಿತಿದ್ದ ಒಬ್ಬ ಕಾಲೇಜು ಹುಡುಗಿ. "ಅಮ್ಮನ ದನಿ ಮೈಕಿಗೆ ಕೂರಲ್ಲ" ಅಂದ್ರು. ನಾನು ಆ ಮಾತನ್ನ ಒಪ್ಕೊಂಡೆ, ಬರೀ ಒಪ್ಕೊಂಡಿದ್ದಲ್ಲ, ಅವ್ವನಿಗೆ ಅದನ್ನ ತಿಳಿಸಿ ಹೇಳಿದ್ದೂ ನಾನೇ. ಅವ್ವ ಗಾಜಿನ ಆಚೆ ಬೆಂಚಿನ ಮೇಲೆ ಕೂತು ತನ್ನ ಧಾಟಿ ಕೇಳ್ತಾ ಇದ್ಲು. ಬಸ್ಸಲ್ಲಿ ವಾಪಸ್ ಬರುವಾಗ ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡು ಹೇಳಿದ್ಲು:

"ಚೆಂದಾಗ್ ಹೇಳವ್ಳೆ ಕನವ್ವ ಮಗ. ಆದ್ರ ಆ ದನಿ ಆಚೆ ಗದ್ದೆಗಂಟ ಹೋಗಕಿಲ್ಲ."

ನಾನು ನಕ್ಕು ಸುಮ್ನಾದೆ. ಅದು ವಿಮರ್ಶೆ ಅಂತ ನನಗೆ ಹೊಳೆದಿದ್ದು ಹತ್ತಾರು ವರ್ಷ ಆದಮೇಲೆ.

ಅವ್ವ 2011ರಲ್ಲಿ ಹೋದ್ಲು. ಅವಳ ಒಂದೇ ಒಂದು ಪದ ನನ್ನ ಹತ್ರ ರೆಕಾರ್ಡ್ ಆಗಿಲ್ಲ. ಕ್ಯಾಸೆಟ್ ಇದೆ, ಅದರಲ್ಲಿ ಅವಳ ಧಾಟಿ ಇದೆ, ಅವಳಿಲ್ಲ. ಹಾಡು ಒಳಗೆ, ಹಾಡಿದೋಳು ಹೊರಗೆ ಅಂತ ಮೇಲೆ ಬರೆದ್ನಲ್ಲ, ಅದನ್ನ ನನ್ನ ಕೈಯಾರೆ ನಾನೇ ಮಾಡಿದೀನಿ. ಚಪ್ಪರದ ಬದಲು ಗಾಜು ಅಷ್ಟೆ.

*

ಒಂದೆರಡು ಎಚ್ಚರಿಕೆ ಹೇಳಿ ಮುಗಿಸ್ತೀನಿ, ಇಲ್ಲಾಂದ್ರೆ ಕಾಮೆಂಟಲ್ಲಿ ಜಗಳ ಶುರುವಾಗುತ್ತೆ.

ಸಣ್ಣ ದನಿ ಎಲ್ಲಾ ಬ್ರಾಹ್ಮಣ್ಯದ ದನಿ ಅಂತ ನಾನು ಹೇಳ್ತಿಲ್ಲ. ನಮ್ಮವ್ವನಿಗೆ ಜಾನಕಿಯಮ್ಮನ ಹಾಡು ಅಂದ್ರೆ ಪ್ರಾಣ. ರೇಡಿಯೋದಲ್ಲಿ ಬಂದ್ರೆ ಒಲೆ ಮುಂದೆ ಕೂತು ಜೊತೆಗೆ ಹೇಳೋಳು, ತನ್ನದೇ ಗಂಟ್ಲಲ್ಲಿ. ಕೇರಿಯಲ್ಲೂ ಮೆತ್ತಗಿನ ದನಿಯ ಹುಡುಗೀರಿದ್ದಾರೆ, ಅವರಿಗೂ ಜಾಗ ಬೇಕು. ದಲಿತ ಹೆಣ್ಣು ಅಂದ್ರೆ ಯಾವಾಗಲೂ ಒರಟಾಗಿ, ರೋಷವಾಗಿ, ಹೋರಾಟದ ಹಾಡನ್ನೇ ಹಾಡ್ಬೇಕು ಅಂತ ಕೇಳೋದು ಇನ್ನೊಂದು ಪಂಜರ. ಅವಳಿಗೆ ಲಾಲಿ ಹಾಡೋಕೂ, ಪ್ರೀತಿಯ ಹಾಡು ಹಾಡೋಕೂ ಹಕ್ಕಿದೆ. ನನ್ನ ತಕರಾರು ಒಂದೇ: ಒಂದು ಥರದ ದನಿಯನ್ನ "ದನಿ" ಅಂತಲೂ ಉಳಿದದ್ದನ್ನ "ಸದ್ದು" ಅಂತಲೂ ಕರೆಯೋದು ಬೇಡ.

ಈಗ ಕಾಲ ಬದಲಾಗ್ತಿದೆ. 2016ರಲ್ಲಿ ಪಂಜಾಬಿನ ಗಿನ್ನಿ ಮಾಹಿ ಬೈಗುಳವಾಗಿದ್ದ ತನ್ನ ಜಾತಿ ಹೆಸರನ್ನೇ ಹಾಡು ಮಾಡಿ ಹಾಡಿದ್ಲು. ಚೆನ್ನೈನ ಇಸೈವಾಣಿ ಗಂಡಸರದ್ದೇ ಆಗಿದ್ದ ಗಾನಾ ಹಾಡಿಗೆ ಬಂದು 2020ರಲ್ಲಿ ಬಿಬಿಸಿಯ ನೂರು ಮಹಿಳೆಯರ ಪಟ್ಟಿಯಲ್ಲಿ ಜಾಗ ಪಡೆದ್ಲು. ಯಾರೂ ಇವರಿಗೆ ಕರೆದು ಮೈಕ್ ಕೊಡಲಿಲ್ಲ, ಮೊಬೈಲ್ ಕಾಲ ಕೊಡ್ತು.

ನಿನ್ನ ದನಿ ಚೆನ್ನಾಗಿಲ್ಲ ಅಂತ ಯಾರಾದ್ರೂ ಅಂದ್ರೆ, ಎಲ್ಲಿಂದ ಕೇಳಿ ಹೇಳ್ತಿದ್ದೀರಿ ಅಂತ ಕೇಳಿ. ಚಪ್ಪರದ ಒಳಗಿಂದಲಾ, ಗದ್ದೆಯ ಆಚೆ ಬದಿಯಿಂದಲಾ?

ಮೊನ್ನೆ ಆ ಸಂಗಾತಿಗೆ ಫೋನ್ ಮಾಡಿದ್ದೆ. ಮುಕ್ಕಾಲು ಗಂಟೆ ವಾದ ಆಯ್ತು. "ಕೇಳೋರಿಗೆ ಇಂಪಾಗಿರ್ಬೇಕಲ್ಲ ಅಕ್ಕ" ಅಂದ್ರು. "ಯಾವ ಕೇಳೋರಿಗೆ?" ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಸರಿ, ಒಂದು ಹಾಡು ಅವಳೇ ಮುಂದೆ ಹೇಳ್ಲಿ, ನೋಡೋಣ" ಅಂದಿದ್ದಾರೆ. ಒಂದು ಹಾಡು. ಸದ್ಯಕ್ಕೆ ಅಷ್ಟು ಸಿಕ್ಕಿದೆ. ಆ ಒಂದು ಹಾಡಿಗೆ ಮೈಕನ್ನ ಸ್ವಲ್ಪ ದೂರ ಇಡಿ ಅಂತ ನಾನೇ ಹೇಳ್ತೀನಿ, ಆ ಹುಡುಗಿಗೆ ಹತ್ರ ಬೇಕಾಗಲ್ಲ.

ನಿಮ್ಮ ಹತ್ರ ಒಂದು ಕೆಲಸ ಕೇಳ್ತೀನಿ. ನಿಮ್ಮ ಮನೇಲಿ ಪದ ಹೇಳೋ ಅವ್ವ, ಅಜ್ಜಿ, ಅತ್ತೆ, ದೊಡ್ಡವ್ವ ಇದ್ರೆ ಇವತ್ತೇ ಮೊಬೈಲ್ ತೆಗೆದು ರೆಕಾರ್ಡ್ ಮಾಡಿ. ಅವರನ್ನ ಕೇಳಿ, ಒಪ್ಪಿಸಿ, ಮಾಡಿ. ಹಿಂದೆ ಕೋಳಿ ಕೂಗ್ಲಿ, ಮಗು ಅಳ್ಲಿ, ಪರವಾಗಿಲ್ಲ. ಅವರ ಹೆಸರು, ಊರು, ಯಾವ ಕೆಲಸ ಮಾಡುವಾಗ ಹೇಳೋ ಪದ ಅನ್ನೋದನ್ನೂ ಅವರ ಬಾಯಲ್ಲೇ ಹೇಳಿಸಿ. ದನಿ ಮೈಕಿಗೆ ಕೂರಲ್ಲ ಅನ್ನೋ ಮಾತನ್ನ ಮಾತ್ರ ಅವರಿಗೆ ಹೇಳ್ಬೇಡಿ.

ನಾನು ಹೇಳಿದ್ದೆ. ಇವತ್ತಿಗೂ ಸಂಕಟ ಆಗುತ್ತೆ.

ಜೈ ಭೀಮ್.